ಆರೋಗ್ಯ ಪ್ರಶ್ನೋತ್ತರ: ದಮ್ಮಿನ ಔಷಧಿಗೆ ಯಾವ ವೈದ್ಯರನ್ನು ಕಾಣಬೇಕು?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆಯ ಮುಂದೆಯೇ ಅಡುಗೆ ಮಾಡಿದವರು. ಬಹಳ ವರ್ಷಗಳಿಂದ ಕೆಮ್ಮು, ದಮ್ಮು ಇದೆ. ಊರಿನ ಹಿರಿಯ ವೈದ್ಯರೊಬ್ಬರು ಪೊಟ್ಟಣದಲ್ಲಿ ಮಾತ್ರೆ ಕಟ್ಟಿಕೊಡುತ್ತಿದ್ದರು, ಮಳೆಗಾಲದಲ್ಲಿ ಇಂಜೆಕ್ಷನ್ ಹಾಕುತ್ತಿದ್ದರು. ಈಗ ಅವರು ಕ್ಲಿನಿಕ್ ಮುಚ್ಚಿದ್ದಾರೆ. ಪೇಟೆಯಲ್ಲಿ ಒಬ್ಬರು ಒಂದು ಇನ್‌ಹೇಲರ್ ಬರೆದರು, ಮತ್ತೊಬ್ಬರು ಅದನ್ನು ನಿಲ್ಲಿಸಿ ಬೇರೆಯದನ್ನು ಬರೆದರು. ಖಾಯಂ ಆಗಿ ಔಷಧಿ ಬರೆದುಕೊಡಲು ಯಾರನ್ನು ಹುಡುಕಬೇಕು? ಪ್ರತಿ ತಿಂಗಳೂ ಶಿವಮೊಗ್ಗಕ್ಕೆ ಕರೆದೊಯ್ಯುವುದು ನಮ್ಮಿಂದಾಗದು.
– ಓದುಗರು, ಸಾಗರ ತಾಲ್ಲೂಕು

ಉತ್ತರ: ಪ್ರತಿ ತಿಂಗಳೂ ಹೋಗಬೇಕಾಗಿಲ್ಲ, ಆದರೆ ಒಮ್ಮೆ ಹೋಗಲೇಬೇಕು. ನಿಮ್ಮ ತಾಯಿಯವರಿಗೆ ಇರುವುದು ಆಸ್ತಮಾವೋ, ಹೊಗೆಯಿಂದ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಸಿಒಪಿಡಿಯೋ ಎಂಬುದನ್ನು ಇದುವರೆಗೆ ಯಾರೂ ಅಳೆದು ನೋಡಿದಂತೆ ಕಾಣುವುದಿಲ್ಲ. ಇಬ್ಬರು ವೈದ್ಯರು ಎರಡು ಬಗೆಯಾಗಿ ಬರೆಯಲು ಬಹುಶಃ ಅದೇ ಕಾರಣ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೆ ಸಿಒಪಿಡಿ ಬರುವುದಿಲ್ಲವೆಂಬ ತಪ್ಪು ನಂಬಿಕೆ ಇನ್ನೂ ಇದೆ. ಸೌದೆ, ಬೆರಣಿಯ ಹೊಗೆಯೂ ಅದಕ್ಕೆ ಸಾಕು.

ಅಳೆಯುವ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯೊಂದನ್ನು ತುಟಿಗೆ ಬಿಗಿಯಾಗಿಟ್ಟು, ಒಂದೇ ಸಮನೆ ಸುಮಾರು ಆರು ಸೆಕೆಂಡು ಜೋರಾಗಿ ಊದಬೇಕು. ಬಳಿಕ ಶ್ವಾಸನಾಳ ಹಿಗ್ಗಿಸುವ ಸಾಲ್‌ಬ್ಯುಟಮಾಲ್ ಔಷಧಿ ಕೊಟ್ಟು, ಹದಿನೈದು ನಿಮಿಷ ಕಾದು, ಮತ್ತೆ ಊದಿಸುತ್ತಾರೆ. ಈ ಎರಡನೆಯ ಸಲವೂ, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಪಾಲು 0.7ಕ್ಕಿಂತ ಕಡಿಮೆಯೇ ಉಳಿದರೆ ಸಿಒಪಿಡಿಯತ್ತ ಬೆರಳು ತೋರಿಸುತ್ತದೆ. ಔಷಧಿಯ ನಂತರ ಗಾಳಿಯ ಹರಿವು ಗಣನೀಯವಾಗಿ ಸುಧಾರಿಸಿದರೆ ಆಸ್ತಮಾ ಇರುವ ಸಾಧ್ಯತೆ ಹೆಚ್ಚು. ಆಸ್ತಮಾಕ್ಕೆ ಬುಡಿಸೊನೈಡ್‌ನಂತಹ ಸ್ಟೀರಾಯ್ಡ್ ಇನ್‌ಹೇಲರ್ ಚಿಕಿತ್ಸೆಯ ಬುನಾದಿ, ಸಿಒಪಿಡಿಗಾದರೋ ಟಯೋಟ್ರೋಪಿಯಮ್‌ನಂತಹ ನಾಳ ಹಿಗ್ಗಿಸುವ ಔಷಧಿಗಳು ಮೊದಲು ಬರುತ್ತವೆ. ಆದ್ದರಿಂದ ಖಾಯಂ ಔಷಧಿ ಶುರು ಮಾಡುವ ಮುನ್ನ ರೋಗದ ಹೆಸರು ಖಚಿತವಾಗಬೇಕು.

ಇದಕ್ಕೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಶ್ವಾಸಕೋಶ ವಿಭಾಗವನ್ನು ಕಾಣಬಹುದು. ಬೇರೆ ಜಿಲ್ಲೆಯ ಓದುಗರಿಗೂ ಹೇಳುವುದಾದರೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಈ ವಿಭಾಗ ಇರುತ್ತದೆ. ಮೈಸೂರಿನಲ್ಲಿ ಪಿಕೆಟಿಬಿ ಆಸ್ಪತ್ರೆ, ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇವೆ. ಶ್ವಾಸಕೋಶ ವಿಭಾಗದ ಹಳೆಯ ಹೆಸರು ಕ್ಷಯ ಮತ್ತು ಎದೆರೋಗ ವಿಭಾಗವಾದ್ದರಿಂದ ಎಷ್ಟೋ ಮಂದಿ ‘ನಮಗೇನು ಟಿಬಿ ಇದೆಯೇ’ ಎಂದು ಅಲ್ಲಿಗೆ ಕಾಲಿಡಲು ಹಿಂಜರಿಯುತ್ತಾರೆ. ಖಾಸಗಿಯಾಗಿ ತೋರಿಸುವುದಾದರೆ ಫಲಕದಲ್ಲಿ ರೆಸ್ಪಿರೇಟರಿ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಡಿಎನ್‌ಬಿ, ಇಲ್ಲವೇ ಡಿಟಿಸಿಡಿ ಎಂದಿದೆಯೇ ನೋಡಿ. ಬರೀ ‘ಅಲರ್ಜಿ ತಜ್ಞರು’ ಎಂಬ ಬರಹವನ್ನು ನಂಬಿ ಹೋಗಬೇಡಿ.

ತಜ್ಞರು ರೋಗ ಗುರುತಿಸಿ ಔಷಧಿ ಗೊತ್ತು ಮಾಡಿದ ಮೇಲೆ, ಅದನ್ನು ಮುಂದುವರಿಸಲು ಯಾವುದೇ ನೋಂದಾಯಿತ ಎಂಬಿಬಿಎಸ್ ವೈದ್ಯರು ಚೀಟಿ ಬರೆಯಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಜ್ಞರ ವರದಿಯ ಪ್ರತಿ ತೋರಿಸಿ, ತಿಂಗಳ ಔಷಧಿಗೆ ಅವರನ್ನೇ ನೆಚ್ಚಿಕೊಳ್ಳಿ. ತಜ್ಞರನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಅಥವಾ ದಮ್ಮು ಹೆಚ್ಚಾದಾಗ ಕಂಡರೆ ಸಾಕು. ಅದಕ್ಕಾಗಿಯೇ ಮೊದಲ ಭೇಟಿಯಲ್ಲೇ ಔಷಧಿಯ ಜನರಿಕ್ ಹೆಸರು, ಪ್ರಮಾಣ, ಸಾಧನದ ಬಗೆ ಮೂರನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಬುಡಿಸೊನೈಡ್-ಫಾರ್ಮೊಟೆರಾಲ್, ಟಯೋಟ್ರೋಪಿಯಮ್, ಸಾಲ್‌ಬ್ಯುಟಮಾಲ್ ಇವೆಲ್ಲ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯಲ್ಲೂ ಜನೌಷಧಿ ಕೇಂದ್ರದಲ್ಲೂ ಮೊದಲು ವಿಚಾರಿಸಿ.

ವೈದ್ಯರನ್ನು ಒರೆಗೆ ಹಚ್ಚಲು ನಾನು ನೋಡುವುದು ಒಂದೇ: ಇನ್‌ಹೇಲರ್ ಬರೆದವರು, ಅಥವಾ ಅವರ ಸಿಬ್ಬಂದಿ, ಅದನ್ನು ಬಳಸುವ ಕ್ರಮ ತೋರಿಸಿ, ರೋಗಿಯ ಕೈಯಲ್ಲೂ ಮಾಡಿಸಿ ನೋಡಿದರೇ? ರೋಟಾಹೇಲರ್‌ನಲ್ಲಿ ಹಾಕಿ ಎಳೆಯಬೇಕಾದ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿ, ‘ಔಷಧಿ ಹಿಡಿಸಲಿಲ್ಲ’ ಎಂದು ಬರುವ ಅಜ್ಜಿಯರು ಇಂದಿಗೂ ಇದ್ದಾರೆ. ಒತ್ತುವ ಪಂಪಾದರೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಜೋಡಿಸಿ, ನಿಧಾನವಾಗಿ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು; ಸ್ಟೀರಾಯ್ಡ್ ಇದ್ದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಇನ್‌ಹೇಲರ್ ಚಟವಾಗುತ್ತದೆ ಎಂದು ನೆರೆಹೊರೆಯವರು ಹೇಳಿದರೆ ಕಿವಿಗೊಡಬೇಡಿ. ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಅದರ ಪ್ರಮಾಣ ಮಾತ್ರೆಯ ಪ್ರಮಾಣಕ್ಕಿಂತ ಬಹಳ ಕಡಿಮೆ.

ಇನ್ನು ಆ ಪೊಟ್ಟಣ. ಹೆಸರಿಲ್ಲದ ದಮ್ಮಿನ ಮಾತ್ರೆಗಳಲ್ಲಿ ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಇರುವುದುಂಟು. ವರ್ಷಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಬರಬಹುದು. ಹಾಗೆಂದು ಥಟ್ಟನೆ ಬಿಟ್ಟರೆ, ದೇಹ ತಾನಾಗಿ ಹಾರ್ಮೋನು ತಯಾರಿಸಲಾರದೆ ಪ್ರಾಣಕ್ಕೂ ಅಪಾಯವಾದೀತು. ಉಳಿದ ಮಾತ್ರೆಗಳನ್ನು ಎಸೆಯದೆ ತಜ್ಞರಿಗೆ ತೋರಿಸಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಿ. ಮೃಗಶಿರಾ ಮಳೆಯ ಹೊತ್ತಿಗೆ ಮೀನಿನ ಮದ್ದಿಗೆಂದು ಹೈದರಾಬಾದಿಗೆ ಹೋಗುವವರೂ ಇದ್ದಾರೆ. ಹೋದರೂ ಇನ್‌ಹೇಲರ್ ಮಾತ್ರ ನಿಲ್ಲಿಸಬಾರದು.

ಪ್ರಶ್ನೆ: ನಾನು 29 ವರ್ಷದ ಉದ್ಯೋಗಿ, ಬಾಲ್ಯದಿಂದ ಆಸ್ತಮಾ ಇದೆ. ನೀಲಿ ಇನ್‌ಹೇಲರ್ ಒಂದೇ ಸಾಕಾಗುತ್ತದೆ. ಅಂಗಡಿಯವರು ಈಗ ಚೀಟಿ ಕೇಳುತ್ತಿದ್ದಾರೆ. ಫೋನಿನಲ್ಲೇ ವೈದ್ಯರಿಂದ ಚೀಟಿ ಪಡೆಯಬಹುದೇ?
– ಓದುಗರು, ಬೆಂಗಳೂರು

ಉತ್ತರ: ಅಂಗಡಿಯವರು ಮಾಡಿದ್ದು ಸರಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಇದೇ ತೊಂದರೆಗಾಗಿ ಆರು ತಿಂಗಳೊಳಗೆ ನೀವು ಖುದ್ದಾಗಿ ಕಂಡ ವೈದ್ಯರೊಡನೆ ಮಾತನಾಡಿದರೆ ಅದು ಮರುಭೇಟಿ ಎನಿಸುತ್ತದೆ, ಅವರು ಔಷಧಿ ಮುಂದುವರಿಸಬಹುದು. ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತವಾಗಿದೆ. ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು.

ಆದರೆ ನಿಮಗೆ ಬೇಕಾದುದು ಅದೇ ಔಷಧಿಯ ಮತ್ತೊಂದು ಚೀಟಿಯಲ್ಲ. ನೀಲಿ ಇನ್‌ಹೇಲರ್, ಅಂದರೆ ಸಾಲ್‌ಬ್ಯುಟಮಾಲ್, ಶ್ವಾಸನಾಳವನ್ನು ಕೆಲ ಗಂಟೆ ಹಿಗ್ಗಿಸುತ್ತದೆಯೇ ಹೊರತು ಒಳಗಿನ ಉರಿಯೂತವನ್ನು ಮುಟ್ಟುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಸಲ್ಲದೆಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ‘ಗಿನಾ’ 2019ರಲ್ಲೇ ಹೇಳಿದೆ. 200 ಪಫ್‌ಗಳ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ತೀವ್ರ ದಾಳಿಯ ಅಪಾಯ ಏರುತ್ತದೆ. ನಿಮ್ಮ ಲೆಕ್ಕ ಎಷ್ಟೆಂದು ಬರೆದಿಟ್ಟುಕೊಂಡು ಶ್ವಾಸಕೋಶ ತಜ್ಞರನ್ನು ಎದುರಾಎದುರು ಕಾಣಿ. ಎದೆಯ ಸದ್ದು ಫೋನಿನಲ್ಲಿ ಕೇಳಿಸುವುದಿಲ್ಲ. ಈ ನಡುವೆ ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಚೀಟಿಯ ಯೋಚನೆ ಬಿಟ್ಟು ಸ್ಪೇಸರ್ ಮೂಲಕ ಸಾಲ್‌ಬ್ಯುಟಮಾಲ್ ಎಳೆದುಕೊಳ್ಳುತ್ತ 108ಕ್ಕೆ ಕರೆ ಮಾಡಿ.