ಇಮೇಲ್ ಕ್ಲೈಂಟ್‌ನ ಒಳರಚನೆ ಬಗ್ಗೆ ಡಾಕ್ಯುಮೆಂಟ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಅಲ್ಲಿನ ಇಮೇಲ್ ಕ್ಲೈಂಟ್, ಅಂದರೆ ಮೇಲ್ ಓದುವ, ಕಳಿಸುವ ಸಾಫ್ಟ್‌ವೇರ್, ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಬೇರೆ ಡೆವಲಪರ್‌ಗಳಿಗೆ ತಿಳಿಯುವ ಹಾಗೆ ಬರೆಯಲು ಹೇಳಿದ್ದಾರೆ. ಕೋಡ್ ನೋಡಿದರೆ ತಲೆಬುಡ ಗೊತ್ತಾಗುತ್ತಿಲ್ಲ ಅಂತ ಕೇಳಿದ್ದೀರಿ. ಕೋರಮಂಗಲದ ಒಂದು ಆಫೀಸಿನಲ್ಲಿ ನಾನು ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕ್ಲಾಸುಗಳ ಪಟ್ಟಿ ಬರೆಯಲು ಕೂರಬೇಡಿ. ಅದನ್ನು ಯಾವ ಎಡಿಟರ್ ಬೇಕಾದರೂ ತೋರಿಸುತ್ತದೆ. ಒಂದೇ ಒಂದು ಮೇಲ್ ಹಿಡಿದುಕೊಂಡು ಅದರ ಹಿಂದೆ ಹೋಗಿ. ಸರ್ವರ್‌ನಿಂದ ಮೊದಲು ಹೆಡರ್, ಅಂದರೆ ಯಾರಿಂದ, ಯಾರಿಗೆ, ವಿಷಯ ಏನು ಅನ್ನುವ ಮೇಲ್‌ನ ತಲೆಭಾಗ ಬರುತ್ತದೆ. ಅದನ್ನು ಒಡೆದು ಲೋಕಲ್ ಡೇಟಾಬೇಸ್‌ಗೆ ಹಾಕುತ್ತೇವೆ. ಪಟ್ಟಿಯಲ್ಲಿ ಕಾಣುತ್ತದೆ. ಕ್ಲಿಕ್ ಮಾಡಿದಾಗ ಉಳಿದ ಭಾಗ ಬರುತ್ತದೆ. ಈ ದಾರಿಯ ಪ್ರತಿ ನಿಲ್ದಾಣದಲ್ಲೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಅಸಲು ಯಾವುದು, ನಕಲು ಯಾವುದು?

ಥಂಡರ್‌ಬರ್ಡ್ ಅನ್ನುವ ಇಮೇಲ್ ಕ್ಲೈಂಟ್ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲಿ ಮಾಮೂಲಿಯಾಗಿ ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಎಂಬಾಕ್ಸ್ ಅನ್ನುವ ಒಂದೇ ಫೈಲಿನಲ್ಲಿ ಸಾಲಾಗಿ ಇರುತ್ತವೆ. ಪಕ್ಕದಲ್ಲೇ ಎಂಎಸ್‌ಎಫ್ ಅನ್ನುವ ಇಂಡೆಕ್ಸ್ ಫೈಲ್ ಇರುತ್ತದೆ. ಇಂಡೆಕ್ಸ್ ಕೆಟ್ಟರೆ ಎಂಬಾಕ್ಸ್ ಓದಿ ಹೊಸದಾಗಿ ಕಟ್ಟಬಹುದು. ಎಂಬಾಕ್ಸ್ ಕೆಟ್ಟರೆ ಇಂಡೆಕ್ಸ್‌ನಿಂದ ಮೇಲ್ ವಾಪಸ್ ಬರುವುದಿಲ್ಲ. ಅಲ್ಲಿ ಮೇಲ್ ಅಳಿಸಿದರೂ ಗುರುತು ಮಾತ್ರ ಬೀಳುತ್ತದೆ, ಕಾಂಪ್ಯಾಕ್ಟ್ ಮಾಡಿದಾಗಲೇ ಜಾಗ ಖಾಲಿಯಾಗುವುದು. ಇಂಥ ನಾಲ್ಕು ಸಾಲು ಗೊತ್ತಿದ್ದರೆ ಹೊಸಬರು ಎಷ್ಟೋ ದಿನ ಸುಮ್ನೆ ಅಲೆಯುವುದು ತಪ್ಪುತ್ತದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನೋಡಲು ಬೇಡದ್ದು ಅನ್ನಿಸುವ ಕೋಡ್ ಏಕಿದೆ ಅಂತ ಬರೆಯಿರಿ. ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ.

ಸರ್ವರ್‌ನಲ್ಲಿರುವ ಮೇಲ್ ಓದಲು ಕ್ಲೈಂಟ್ ಬಳಸುವ ಪ್ರೋಟೋಕಾಲ್ ಐಮ್ಯಾಪ್. ಅದರಲ್ಲಿ ಫೋಲ್ಡರ್‌ನ ಪ್ರತಿ ಮೇಲ್‌ಗೂ ಯುಐಡಿ ಅನ್ನುವ ಒಂದು ನಂಬರ್ ಇರುತ್ತದೆ. ಫೋಲ್ಡರ್‌ಗೇ ಯುಐಡಿವ್ಯಾಲಿಡಿಟಿ ಅಂತ ಇನ್ನೊಂದು ನಂಬರ್ ಇರುತ್ತದೆ. ದರ್ಶಿನಿಯ ಟೋಕನ್ ನೆನಪಿಸಿಕೊಳ್ಳಿ. ಇವತ್ತು 42 ನಿಮ್ಮ ಮಸಾಲೆ ದೋಸೆ, ನಾಳೆ ಅದೇ 42 ಬೇರೆಯವರ ಇಡ್ಲಿ ವಡೆ. ಟೋಕನ್ ಮೇಲಿನ ತಾರೀಖು ಇದ್ದ ಹಾಗೆ ಈ ಯುಐಡಿವ್ಯಾಲಿಡಿಟಿ. ಅದು ಬದಲಾಯಿತು ಅಂದರೆ ನಮ್ಮ ಹತ್ತಿರ ಇರುವ ಹಳೆಯ ನಂಬರ್‌ಗಳನ್ನೆಲ್ಲ ಬಿಸಾಕಬೇಕು. ಇಂಟರ್‌ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. ಐಮ್ಯಾಪ್ ಬಗೆಗಿನ 2003ರ ಆರ್‌ಎಫ್‌ಸಿ 3501ರಲ್ಲೂ 2021ರ ಆರ್‌ಎಫ್‌ಸಿ 9051ರಲ್ಲೂ ಈ ನಿಯಮ ಇದೆ.

ನಮ್ಮ ಕೋಡಿನಲ್ಲಿ ಈ ತಾಳೆ ನೋಡುವ ಸಾಲುಗಳು ಇದ್ದವು, ಪಕ್ಕದಲ್ಲಿ ಒಂದು ಮಾತೂ ಬರೆದಿರಲಿಲ್ಲ. ಬರೆದವರು ಕೆಲಸ ಬಿಟ್ಟಿದ್ದರು. ಫೋಲ್ಡರ್ ಬೇಗ ತೆರೆಯಲಿ ಅಂತ ಇನ್ನೊಬ್ಬರು ಅದನ್ನು ತೆಗೆದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಒಬ್ಬ ಗ್ರಾಹಕರ ಸರ್ವರ್ ಬದಲಾಯಿತು, ನಂಬರ್‌ಗಳು ಮತ್ತೆ 1ರಿಂದ ಶುರುವಾದವು. ಪಟ್ಟಿಯಲ್ಲಿ ಒಂದು ವಿಷಯ, ತೆರೆದರೆ ಬೇರೆ ಮೇಲ್. ಬೇಡದ ಮೇಲ್ ಅಳಿಸಿದರೆ ಬೇಕಾದ್ದು ಹೋಗುತ್ತಿತ್ತು. ಕಾರಣ ಹುಡುಕಲು ನಾಲ್ಕು ದಿನ ಹಿಡಿಯಿತು. ಅವರ ಮೇಲ್ ಹೋದದ್ದು ಹೋಯಿತು. ಆ ಸಾಲುಗಳ ಮೇಲೆ ಮೂರು ವಾಕ್ಯ ಇದ್ದಿದ್ದರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ ಅಲ್ವಾ?

ಮೇಲ್‌ಗಳನ್ನು ಸಂಭಾಷಣೆಯಾಗಿ ಜೋಡಿಸುವ ಭಾಗದ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ. ಮೆಸೇಜ್ ಐಡಿ (ಮೇಲ್‌ನ ಗುರುತು), ರೆಫರೆನ್ಸಸ್ (ಯಾವ ಮೇಲ್‌ಗಳಿಗೆ ಉತ್ತರ ಅನ್ನುವುದು) ಹೆಡರ್‌ಗಳನ್ನು ಹಿಡಿದು ಜೋಡಿಸುವ ಕ್ರಮವನ್ನು ನೆಟ್‌ಸ್ಕೇಪ್‌ನ ಮೇಲ್ ಕ್ಲೈಂಟ್ ಬರೆದವರಲ್ಲಿ ಒಬ್ಬರಾದ ಜೇಮಿ ಜಾವಿನ್‌ಸ್ಕಿ ವಿವರವಾಗಿ ಬರೆದಿಟ್ಟಿದ್ದಾರೆ. ನಿಮ್ಮ ಕೋಡ್ ಅದಕ್ಕಿಂತ ಎಲ್ಲಿ ಬೇರೆ ಅನ್ನುವುದಷ್ಟೇ ಸಾಕು.

ಉದಾಹರಣೆ ಕೊಡುವಾಗ ಮಾತ್ರ ದಯವಿಟ್ಟು ಕನ್ನಡದ ಸಬ್ಜೆಕ್ಟ್ ಇರುವ ಮೇಲನ್ನೇ ಕೊಡಿ. ಅಭಿಮಾನ ಇದ್ದೇ ಇದೆ, ಅದರ ಜೊತೆಗೆ ಬಗ್‌ಗಳು ಹೊರಗೆ ಬರುವುದೂ ಅಲ್ಲೇ. ಹೆಡರ್‌ನಲ್ಲಿ ಮೊದಲು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಜಾಗ ಇತ್ತು. ಉಳಿದ ಭಾಷೆಗಳನ್ನು ಹೇಗೆ ಕಳಿಸಬೇಕು ಅಂತ 1996ರ ಆರ್‌ಎಫ್‌ಸಿ 2047 ಹೇಳುತ್ತದೆ. ಅವನ್ನು ಇಂಗ್ಲಿಷ್ ಅಕ್ಷರಗಳಾಗಿ ಬದಲಿಸಿ ತುಂಡು ತುಂಡಾಗಿ ಕಳಿಸಬೇಕು. ಎನ್‌ಕೋಡಿಂಗ್ ಹೆಸರಿನಂಥ ಗುರುತುಗಳೂ ಸೇರಿ ಒಂದೊಂದು ತುಂಡು 75 ಅಕ್ಷರ ದಾಟುವಂತಿಲ್ಲ. ಎಲ್ಲ ಭಾಷೆಗಳ ಲಿಪಿಯನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಅನ್ನುವ ಒಂದೇ ಅಕ್ಷರದಲ್ಲಿ ಆರು ಚಿಹ್ನೆ ಇವೆ, ಅಂದರೆ 18 ಬೈಟ್. ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರಗಳಾಗಿ ಬದಲಿಸುವ ವಿಧಾನ) ಮಾಡಿದ ಮೇಲೆ ಒಂದು ತುಂಡಿನಲ್ಲಿ ಹಿಡಿಸುವುದು 45 ಬೈಟ್, ಬರೀ 15 ಚಿಹ್ನೆ. ಹಾಗಾಗಿ ಸ್ವಲ್ಪ ಉದ್ದದ ಕನ್ನಡ ಸಬ್ಜೆಕ್ಟ್ ಸಾಮಾನ್ಯವಾಗಿ ತುಂಡಾಗಿಯೇ ಬರುತ್ತದೆ. ಅಕ್ಕಪಕ್ಕದ ತುಂಡುಗಳ ನಡುವಿನ ಖಾಲಿ ಜಾಗವನ್ನು ಕ್ಲೈಂಟ್ ತೆಗೆದುಹಾಕಬೇಕು. ತೆಗೆಯದಿದ್ದರೆ ‘ಆಮಂತ್ರಣ’ ಹೋಗಿ ‘ಆಮಂತ್ ರಣ’ ಆಗುತ್ತದೆ. ಒಂದು ಚಿಹ್ನೆಯ ಬೈಟ್‌ಗಳನ್ನು ಎರಡು ತುಂಡಿಗೆ ಹಂಚಬಾರದು ಅಂತಲೂ ನಿಯಮ ಇದೆ, ಆದರೆ ಹಂಚಿ ಕಳಿಸುವ ಸಾಫ್ಟ್‌ವೇರ್‌ಗಳನ್ನು ನಾನೇ ನೋಡಿದ್ದೇನೆ. ಅದಕ್ಕೇ ನಾವು ಒಂದೇ ಎನ್‌ಕೋಡಿಂಗ್‌ನ ಪಕ್ಕದ ತುಂಡುಗಳ ಬೈಟ್‌ಗಳನ್ನು ಮೊದಲು ಕೂಡಿಸಿ, ಆಮೇಲೆ ಅಕ್ಷರ ಮಾಡುತ್ತಿದ್ದೆವು. ಹೀಗೆ ಮಾಡಲು ಕಾರಣ ಏನು ಅಂತ ಡಾಕ್ಯುಮೆಂಟ್‌ನಲ್ಲಿ ಇರಲೇಬೇಕು. ಇಂಗ್ಲಿಷ್ ಮೇಲ್‌ಗಳಲ್ಲಿ ಮಾತ್ರ ಪರೀಕ್ಷೆ ಮಾಡುವವರಿಗೆ ಆ ಕೋಡ್ ದಂಡ ಅನ್ನಿಸುತ್ತದೆ.

ಕಳಿಸುವ ದಾರಿಗೂ ಒಂದು ಪುಟ ಇಡಿ. ಮೇಲ್ ಕಳಿಸುವ ಪ್ರೋಟೋಕಾಲ್ ಆದ ಎಸ್‌ಎಂಟಿಪಿಯಲ್ಲಿ ಮೇಲ್ ಹೋಗುವುದು ಒಂದು ಕೆಲಸ, ಸೆಂಟ್ ಫೋಲ್ಡರ್‌ಗೆ ಐಮ್ಯಾಪ್ ಮೂಲಕ ಪ್ರತಿ ಹಾಕುವುದು ಇನ್ನೊಂದು. ನಡುವೆ ನೆಟ್ ಹೋದರೆ ಮೇಲ್ ತಲುಪಿರುತ್ತದೆ, ಸೆಂಟ್‌ನಲ್ಲಿ ಕಾಣುವುದಿಲ್ಲ. ಹೋಗಿಲ್ಲ ಅಂದುಕೊಂಡು ಪಾಪ ಬಳಸುವವರು ಮತ್ತೆ ಕಳಿಸುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಕ್ಲೈಂಟ್ ಏನು ಮಾಡುತ್ತದೆ, ಏನು ತೋರಿಸುತ್ತದೆ ಅಂತ ಬರೆಯಿರಿ.

ಬರೆದದ್ದನ್ನು ಕೋಡ್ ಇರುವ ರೆಪೋದಲ್ಲೇ ಇಡಿ. ಕೋಡ್ ಬದಲಾದರೆ ಅದೇ ರಿವ್ಯೂನಲ್ಲಿ ಪುಟವೂ ಬದಲಾಗಬೇಕು. ಮುಂದೆ ಯಾರಾದರೂ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಗುರುತು ಹಾಕಿಕೊಳ್ಳಿ. ನಿಮ್ಮ ಕ್ಲೈಂಟ್ ಐಮ್ಯಾಪ್ ಬಿಟ್ಟು ಬೇರೆ ಪ್ರೋಟೋಕಾಲ್ ಬಳಸುತ್ತಿದ್ದರೆ ಕೆಳಗೆ ತಿಳಿಸಿ. ಯುಐಡಿ ಬಗ್ಗೆ ಹೇಳಿದ ಭಾಗವನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿ ಬರೆಯುತ್ತೇನೆ.