ಅವನನ್ನು ಯಾರೂ ಕೇಳಲಿಲ್ಲ

ಓದುಗರ ಪತ್ರ: ನನ್ನ ಮಗನಿಗೆ 14 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ). ಕಳೆದ ತಿಂಗಳು ಪ್ರಾರ್ಥನಾ ಕೂಟವೊಂದರಲ್ಲಿ ಅವನನ್ನು ವೇದಿಕೆಗೆ ಎತ್ತಿಸಿ ‘ಎದ್ದು ನಡೆ’ ಎಂದರು. ಅವನು ಏಳಲಿಲ್ಲ. ‘ತಾಯಿಗೆ ವಿಶ್ವಾಸ ಸಾಲದು’ ಎಂದು ಮೈಕಿನಲ್ಲೇ ಹೇಳಿದರು. ನನ್ನ ವಿಶ್ವಾಸ ಸಾಲದೇ? ಗುಣವಾಗಲಿ ಎಂದು ಬೇಡಿದರೆ, ಇರುವ ಹಾಗೆ ಅವನನ್ನು ಪ್ರೀತಿಸುತ್ತಿಲ್ಲವೆಂದೇ? (ಹೆಸರು ಬೇಡ, ಉಡುಪಿ ಜಿಲ್ಲೆ)

ಪ್ರಿಯ ಸಹೋದರಿ,

ನಿಮ್ಮ ನಾಲ್ಕು ಪುಟಗಳ ತಿರುಳಷ್ಟೇ ಮೇಲೆ ಅಚ್ಚಾಗಿದೆ. ಮೊದಲು ಆ ಮೈಕಿನ ಮಾತು. ಓದುವಾಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೂರ್ಛೆ ಬೀಳುವ ಹುಡುಗನನ್ನು ತಂದೆ ಯೇಸುವಿನ ಶಿಷ್ಯರ ಬಳಿಗೆ ಕರೆತಂದ ಬೈಬಲಿನ ಪ್ರಸಂಗ ನಿಮಗೆ ಗೊತ್ತಿರುತ್ತದೆ. ಶಿಷ್ಯರಿಂದ ಆಗಲಿಲ್ಲ. ಯೇಸುವಿನ ಮುಂದೆ ಆ ತಂದೆ, ನಂಬುತ್ತೇನೆ, ನಂಬಿಕೆ ಸಾಲದ ಕಡೆ ನೀವೇ ನೆರವಾಗಿ ಎಂದು ಅಂಗಲಾಚಿದ್ದನ್ನು ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅಂಥ ಅರೆಬರೆ ನಂಬಿಕೆಗೇ ಹುಡುಗ ಗುಣವಾದ. ‘ನಮ್ಮಿಂದ ಯಾಕಾಗಲಿಲ್ಲ?’ ಎಂದು ಶಿಷ್ಯರು ಕೇಳಿದಾಗ, ಮತ್ತಾಯನ ಪ್ರಕಾರ, ವಿಶ್ವಾಸ ಸಾಲದೆಂಬ ಬೈಗುಳ ಬಿದ್ದದ್ದು ಆ ಶಿಷ್ಯರಿಗೆ. ತಂದೆಗಲ್ಲ, ಮಗನಿಗಂತೂ ಅಲ್ಲ. ಮೈಕ್ ಹಿಡಿದವರು ಆ ಪುಟ ತಿರುವಿ ನೋಡಲಿ. 2000ದಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯಲ್ಲೂ, ಗುಣವಾಗಲೆಂದು ನಡೆಸುವ ಪ್ರಾರ್ಥನೆಗಳಲ್ಲಿ ಉನ್ಮಾದ, ನಾಟಕ ಕೂಡದು ಎಂದೇ ಇದೆ.

ಹಾಗಾದರೆ ಪವಾಡವೇ ಇಲ್ಲವೇ? ನಾನು ಹಾಗೆ ಹೇಳುವವನಲ್ಲ. ದಿನಾ ಮಿಲಾಗ್ರಿಸ್ ಚರ್ಚ್ ಎದುರು ಬಸ್ ಇಳಿಯುತ್ತೇನೆ, ಆ ಪೋರ್ಚುಗೀಸ್ ಹೆಸರಿನ ಅರ್ಥವೇ ಪವಾಡಗಳು. ಆದರೆ ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ದಿಗೆ 1858ರಿಂದ ಲಕ್ಷಾಂತರ ರೋಗಿಗಳು ಹೋಗಿ ಬಂದಿದ್ದಾರೆ. ಚರ್ಚ್ ಪವಾಡವೆಂದು ಒಪ್ಪಿದ್ದು 70 ಚಿಲ್ಲರೆ. ಅಲ್ಲಿ ಮಾತೆ ಮರಿಯಳ ದರ್ಶನ ಪಡೆದ ಬೆರ್ನಡೆಟ್ ಉಬ್ಬಸದಲ್ಲೇ ಬದುಕಿ, ಕ್ಷಯ ತಗುಲಿ 35ನೇ ವಯಸ್ಸಿಗೆ ತೀರಿಕೊಂಡರು. ಅವರನ್ನು ಚರ್ಚ್ ಸಂತರ ಸಾಲಿಗೆ ಸೇರಿಸಿತು. ವಿಶ್ವಾಸದ ಕೊರತೆಯಂತೆ!

ನಿಮ್ಮ ಎರಡನೇ ಪ್ರಶ್ನೆ ಸುಲಭದ್ದಲ್ಲ. ಮಗುವಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವ ತಾಯಿ, ಈ ಮಗು ಬೇಡ ಎನ್ನುತ್ತಿಲ್ಲ. ಆದರೆ ನಿಮ್ಮ ಮಗನದ್ದು ಬಂದು ಹೋಗುವ ಜ್ವರವಲ್ಲ. ಅವನ ನಗು, ದನಿ, ಕೈ ಚಾಚುವ ರೀತಿ ಎಲ್ಲವೂ ಅದರೊಟ್ಟಿಗೇ ಬೆಳೆದಿವೆ. ಕಾಲಿನ ಸೆಟೆತ ಸಡಿಲಾಗಲಿ, ರಾತ್ರಿ ನೋವಿಲ್ಲದೆ ಮಲಗಲಿ ಎಂದು ಧಾರಾಳವಾಗಿ ಬೇಡಿ. ಫಿಸಿಯೋಥೆರಪಿ ಮಾತ್ರ ಬಿಡಬೇಡಿ. ಜೆಸ್ವಿಟ್ ಗುರು ಫಾದರ್ ಮುಲ್ಲರ್ 1890ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಸರೆ ಕೊಟ್ಟಾಗ ಆ ರೋಗವನ್ನು ವಾಸಿಮಾಡುವ ಮದ್ದೇ ಇರಲಿಲ್ಲ. ಗುಣವಾದ ಮೇಲೆ ಪ್ರೀತಿಸೋಣವೆಂದು ಅವರು ಕಾದು ಕೂರಲಿಲ್ಲ. ನೀವೂ ಕಾದಿಲ್ಲ, 14 ವರ್ಷ ಎತ್ತಿ ಆಡಿಸಿದ್ದೀರಿ.

ನನಗೆ ಹೆಚ್ಚು ಹಿಡಿಸಿದ್ದು ನಿಮ್ಮ ಮೂರನೇ ಪುಟ. ಐದಾರು ಮಂದಿ ತಲೆಯ ಮೇಲೆ ಕೈಯಿಟ್ಟು ಕೂಗುತ್ತಿದ್ದರೆ, ಅವನು ಅವರ ತೋಳುಗಳ ಸಂದಿಯಿಂದ ಕೀಬೋರ್ಡ್ ನುಡಿಸುವವನ ಬೆರಳುಗಳನ್ನೇ ನೋಡುತ್ತಿದ್ದನಂತೆ. ಬಸ್ಸಿನಲ್ಲಿ ಕಟಪಾಡಿ ದಾಟುವವರೆಗೂ ಅದೇ ರಾಗ ಗುನುಗುತ್ತಿದ್ದನಂತೆ. ‘ನಾನು ಅತ್ತು ಅತ್ತು ಸುಸ್ತಾಗಿದ್ದೆ, ಅವನು ಖುಷಿಯಲ್ಲಿದ್ದ’ ಎಂದು ಬರೆದಿದ್ದೀರಿ.

ಕುರುಡ ಬಾರ್ತಿಮಾಯನಿಗೆ ಏನು ಬೇಕೆಂದು ಜೆರಿಕೊ ಊರಿಗೆಲ್ಲ ಗೊತ್ತಿತ್ತು. ಆದರೂ ಯೇಸು, ‘ನಾನು ನಿನಗೆ ಏನು ಮಾಡಬೇಕು?’ ಎಂದು ಅವನನ್ನೇ ಕೇಳಿದರು. ನಿಮ್ಮ ಮಗನನ್ನು ಆ ವೇದಿಕೆಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಇಗರ್ಜಿಯಲ್ಲೂ (ಚರ್ಚಿನಲ್ಲೂ) ಕೇಳುವುದಿಲ್ಲ ಅನ್ನಿ. ನಿಮ್ಮ ಪತ್ರ ಬಂದ ಮೇಲೆ ಕಳೆದ ಭಾನುವಾರ ಬಾಗಿಲ ಮೆಟ್ಟಿಲು ಎಣಿಸಿದೆ: ಐದು. ನಲವತ್ತು ವರ್ಷ ಹತ್ತಿ ಇಳಿದವನು ಒಮ್ಮೆಯೂ ಎಣಿಸಿರಲಿಲ್ಲ. ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದ ಆ ನಾಲ್ವರು, ಗುಂಪಿನಲ್ಲಿ ದಾರಿ ಸಿಗದೆ, ಪರರ ಮನೆಯ ಮಾಡನ್ನೇ ಕಿತ್ತರು. ನಮಗೆ ಒಂದು ಇಳಿಜಾರು ಕಟ್ಟಿಸಲು ಪುರುಸೊತ್ತಾಗಿಲ್ಲ. ವಾಳೆಯ ಗುರಿಕಾರರಿಗೆ (ನಮ್ಮ ಚರ್ಚ್ ವಾರ್ಡಿನ ಮುಖಂಡರಿಗೆ) ಹೇಳಿದ್ದೇನೆ, ಎಸ್ಟಿಮೇಟ್ ತರಿಸುತ್ತಾರಂತೆ.

ಹೌದು ಎನ್ನಬೇಕಾದರೆ ಅವನು ಕಣ್ಣು ಗಟ್ಟಿಯಾಗಿ ಮುಚ್ಚುತ್ತಾನೆ ಎಂದಿದ್ದೀರಿ. ಇವತ್ತು ಸಂಜೆ ಕೀಬೋರ್ಡ್ ಬೇಕಾ ಎಂದು ಕೇಳಿ. ಆ ಕೂಟಕ್ಕೆ ಇನ್ನೊಮ್ಮೆ ಹೋಗುವುದಾ ಎಂದೂ ಕೇಳಿ. ಹೌದು ಎಂದರೂ ಎಂದಾನು. ಅಲ್ಲಿನ ಸಂಗೀತ ಅವನಿಗೆ ಹಿಡಿಸಿತ್ತಲ್ಲ.

– ಸಂ.