ರೆಸ್ಟೋರೆಂಟ್ ಮ್ಯಾನೇಜರ್ ಕೆಲಸದಲ್ಲಿ ನೆಮ್ಮದಿ ಇಲ್ಲ, ವಾರದ ರಜೆಯೂ ಇಲ್ಲ. 4 ಸಾವಿರ ಜಾಸ್ತಿ ಕೊಡುವ ಕಡೆ ಹೋಗಲಾ?

ನಾನೂ ಇದೇ 4 ಸಾವಿರದ ಲೆಕ್ಕ ಹಾಕುತ್ತಾ ಕೂತಿದ್ದವನೇ. ವಿಜಯಪುರದ ಒಂದು ಖಾನಾವಳಿಯಲ್ಲಿ ಸಪ್ಲೈಯರ್ ಆಗಿದ್ದೆ. ಆಮೇಲೆ ಎಸಿ ಹಾಕಿಸಿ ಬೋರ್ಡ್ ಬದಲಾಯಿಸಿದರು, ನನ್ನನ್ನು ಮ್ಯಾನೇಜರ್ ಮಾಡಿದರು. ಸಂಬಳ ಸರಿಯಾಗೇ ಬರುತ್ತಿತ್ತು. ನಾನು ಕೆಟ್ಟಿದ್ದು ಬೇರೆ ಕಡೆ.

ರೊಟ್ಟಿ ಬಡಿಯೋ ಅಕ್ಕ ಒಬ್ಬರಿದ್ದರು. ಡಿಸೆಂಬರ್‌ನಲ್ಲಿ ಒಂದಿನ ‘ತಮ್ಮಾ, ಜಾತ್ರಿ ಬಂತು, ದಿನಕ್ಕ 50 ರೂಪಾಯಿ ಹೆಚ್ಚ ಮಾಡಸ್ತೀಯೇನು?’ ಅಂದರು. ‘ಆತು ಅಕ್ಕಾ, ನಾ ನೋಡ್ಕೋತೀನಿ’ ಅಂದುಬಿಟ್ಟೆ. ತಪ್ಪಾಗಿದ್ದು ಇಲ್ಲೇ. ‘ಸಾಹುಕಾರರನ್ನು ಕೇಳಿ ಹೇಳ್ತೀನಿ’ ಅನ್ನಬಹುದಿತ್ತು. ಯಾಕೆ ಅನ್ನಲಿಲ್ಲ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಅಂಗಿ ಮೇಲೆ ಮ್ಯಾನೇಜರ್ ಅಂತ ಬ್ಯಾಡ್ಜ್ ಇತ್ತು, ಕೇಳಿ ಹೇಳ್ತೀನಿ ಅಂದ್ರೆ ಅದರ ಮರ್ಯಾದೆ ಹೋಗುತ್ತೆ ಅನ್ನಿಸಿತು, ಅಷ್ಟೇ. ಸಾಹುಕಾರರು ಮೊಬೈಲಿಂದ ತಲೆ ಎತ್ತದೇ ‘ಆಗಂಗಿಲ್ಲ’ ಅಂದರು. ಅದನ್ನೂ ಅಕ್ಕನಿಗೆ ಹೇಳಲಿಲ್ಲ ನೋಡಿ! ಎರಡು ವಾರ ನನ್ನ ಜೇಬಿನಿಂದ ಕೊಟ್ಟೆ, ಮೂರನೇ ವಾರ ಜೇಬು ಖಾಲಿ, ಅವರಿಗೆ ಮುಖ ಕೊಡದೇ ಓಡಾಡಿದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಊರು ತುಂಬ ಜನ, ಅಕ್ಕ ಬರಲಿಲ್ಲ. ಪಾತ್ರೆ ತುಂಬ ಎಣ್ಣೆಗಾಯಿ ಇದೆ, ರೊಟ್ಟಿ ಇಲ್ಲ. ನಾನೇ ಕೂತೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಬೇಕು ಅನ್ನೋದೂ ಆ ಗಡಿಬಿಡಿಯಲ್ಲಿ ಮರೆತಿದ್ದೆ, ಬಡಿದದ್ದೆಲ್ಲ ಅಂಚಿನಿಂದ ಸೀಳಿ ಹೋಯಿತು. ಸಾಹುಕಾರರು ಗಿರಾಕಿಗಳ ಎದುರೇ ಬೈದರು.

ರಜೆ ವಿಷಯ ಹೇಳಿದ್ದೀರಿ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಸಪ್ಲೈಯರ್‌ಗೆ ವಾರದ ರಜೆ ಕೊಡಲೇಬೇಕು, ಆದರೆ ಆಡಳಿತದ ಹುದ್ದೆಯಲ್ಲಿರುವವರು ಅದರ ಲೆಕ್ಕಕ್ಕೆ ಬರಲ್ಲ. ಅಂದ್ರೆ ಆ ಬ್ಯಾಡ್ಜ್ ನನಗೆ 50 ರೂಪಾಯಿ ಹೆಚ್ಚಿಸುವ ಅಧಿಕಾರ ಕೊಡಲಿಲ್ಲ, ಇದ್ದ ರಜೆಯನ್ನೂ ಕಿತ್ತುಕೊಂಡಿತು. ಚೆನ್ನಾಗಿದೆ ಅಲ್ವಾ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಸುಮ್ನೆ 4 ಸಾವಿರಕ್ಕೆ ಹೋದರೆ ಮೂರು ತಿಂಗಳಿಗೆ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಅನ್ನುವವರು 1959ರಲ್ಲೇ ಹೇಳಿದ್ದರಂತೆ, ಸಂಬಳ ಕಮ್ಮಿಯಾದರೆ ಅಸಮಾಧಾನ ಆಗುತ್ತೆ, ಜಾಸ್ತಿಯಾದ ಮಾತ್ರಕ್ಕೆ ತೃಪ್ತಿ ಬರಲ್ಲ ಅಂತ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ತಂಗಿ ಮಗ ಹೇಳಿದ್ದು, ನನಗಂತೂ ಪುಸ್ತಕ ಬೇಕಾಗಲಿಲ್ಲ. ಹೊಸ ಮಾಲೀಕರನ್ನು ಒಂದೇ ಕೇಳಿ: ‘ನಿಮ್ಮನ್ನು ಕೇಳದೇ ನಾನು ಎಷ್ಟು ರೂಪಾಯಿವರೆಗೆ ತೀರ್ಮಾನ ಮಾಡಬಹುದು, ಯಾರನ್ನು ಕೆಲಸಕ್ಕೆ ತಗೋಬಹುದು?’ ನಕ್ಕು ಮಾತು ಹಾರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ನಾನೀಗ 2 ಸಾವಿರ ಕಮ್ಮಿ ಸಂಬಳಕ್ಕೆ ಇನ್ನೊಂದು ಕಡೆ ಇದ್ದೇನೆ. ಅಕ್ಕ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾರೆ. ನಮ್ಮ ಹೋಟೆಲಿಗೂ ಅಲ್ಲಿಂದಲೇ ತರಿಸುತ್ತೇನೆ, ರೇಟು ಅವರೇ ಹೇಳುತ್ತಾರೆ.